ಏಳನೆಯ ಇನಿಂಗ್ಸಿನಲ್ಲಿ ಆಡಿದ ಮಾತು

ಭಾನುವಾರದ ಆಟ ಸೋತದ್ದು ನನ್ನ ನಾಲಗೆಯಿಂದ ಎಂದು ಸೋಮವಾರ ಬೆಳಗಾಗುವುದರೊಳಗೆ ವೆಲ್ಡನ್ ಊರು ತೀರ್ಮಾನ ಮಾಡಿಬಿಟ್ಟಿತ್ತು. ಬ್ಯಾಟು ನನ್ನ ಕೈಯಲ್ಲಿರಲಿಲ್ಲ, ಚೆಂಡೂ ಇರಲಿಲ್ಲ. ನಾನಿದ್ದದ್ದು ಗ್ಯಾಲರಿಯ ತಗಡಿನ ಮೇಲೆ ಹಲಗೆ ಬಡಿದು ಮಾಡಿದ ಗೂಡಿನಲ್ಲಿ, ಮೈಕಿನ ಮುಂದೆ. ನಮ್ಮ ಊರಿನ ಬೇಸ್‌ಬಾಲ್ ತಂಡದ ಆಟವನ್ನು ಹತ್ತೊಂಬತ್ತು ವರ್ಷಗಳಿಂದ ಆ ಗೂಡಿನಲ್ಲಿ ಕೂತೇ ರೇಡಿಯೊದಲ್ಲಿ ಹೇಳುತ್ತ ಬಂದಿದ್ದೇನೆ. ಆದರೂ ಕ್ಷೌರದಂಗಡಿಯ ಗಸ್ ನನ್ನನ್ನು ಕುರ್ಚಿಯಲ್ಲಿ ಕೂರಿಸಲಿಲ್ಲ. "ಕತ್ತರಿ ಮೊಂಡಾಗಿದೆ, ಆರ್ವಿಲ್. ನಿನ್ನ ನಾಲಗೆ ಬಿಚ್ಚಿಕೊಡು, ಅದ್ರಲ್ಲೇ ಕತ್ತರಿಸ್ತೀನಿ" ಎಂದ. ಸರದಿಗೆ ಕಾದಿದ್ದ ನಾಲ್ವರೂ ನಕ್ಕರು.

ನಡೆದದ್ದು ಇಷ್ಟು. ನಮ್ಮ ಎಡಗೈ ಎಸೆತಗಾರ ಡೇಲ್ ಕೊವಾರಿಕ್‌ಗೆ ಇಪ್ಪತ್ತೊಂದು ವರ್ಷ. ಅವನು ಆರು ಇನಿಂಗ್ಸ್ ಮುಗಿಸಿದಾಗ ಎದುರಾಳಿಗಳಲ್ಲಿ ಒಬ್ಬನಿಗೂ ಒಂದು ಸರಿಯಾದ ಹೊಡೆತ ಸಿಕ್ಕಿರಲಿಲ್ಲ. ಆಟದ ಒಂಬತ್ತು ಇನಿಂಗ್ಸೂ ಹಾಗೇ ಮುಗಿದರೆ ಎಸೆತಗಾರನ ಹೆಸರು ಸಾಯುವ ತನಕ ಉಳಿಯುತ್ತದೆ. ಆದರೆ ಅದು ನಡೆಯುತ್ತಿರುವಾಗ ಬಾಯಿಬಿಟ್ಟು ಹೇಳಬಾರದಂತೆ, ಹೇಳಿದರೆ ದೃಷ್ಟಿ ತಾಗುತ್ತದಂತೆ. ಜೊತೆಯ ಆಟಗಾರರು ಅವನ ಪಕ್ಕದಲ್ಲಿ ಕೂರುವುದಿಲ್ಲ. ರೇಡಿಯೊದವರೂ "ಅಂಕದ ಫಲಕ ನೋಡಿದವರಿಗೆ ಗೊತ್ತಾಗುತ್ತೆ" ಎಂದು ಕೆಮ್ಮಿ ಸುಮ್ಮನಾಗುತ್ತಾರೆ. ಮನೆಯಲ್ಲಿ ಕೂತು ಕೇಳುವವನು ಯಾವ ಫಲಕ ನೋಡಬೇಕು?

ಹನ್ನೊಂದು ವರ್ಷದ ಹಿಂದೆ ಇಂಥದೇ ಆಟದಲ್ಲಿ ನಾನೂ ಕೆಮ್ಮಿ ಸುಮ್ಮನಾಗಿದ್ದೆ. ಎಸೆತಗಾರ ಗೆದ್ದ. ನಾಲ್ಕು ದಿನದ ಮೇಲೆ ರೈಲ್ವೆ ಸಿಗ್ನಲ್‌ನವನೊಬ್ಬ ಕಾರ್ಡು ಬರೆದ. ಅವನು ಕೊನೆಯ ನಾಲ್ಕು ಇನಿಂಗ್ಸ್ ಕೇಳಿದ್ದ. ತಾನು ಕೇಳಿದ್ದು ಏನೆಂಬುದು ಮರುದಿನ ಪತ್ರಿಕೆ ನೋಡಿದ ಮೇಲೆ ತಿಳಿಯಿತಂತೆ. "ಮತ್ತೆ ನಿನ್ನನ್ನು ಯಾಕೆ ಅಲ್ಲಿ ಕೂರಿಸಿದ್ದಾರೆ?" ಎಂದು ಕೇಳಿದ್ದ. ಉತ್ತರ ಬರೆಯಲು ನನಗೆ ಮುಖವಿರಲಿಲ್ಲ.

ಅದಕ್ಕೇ ಈ ಸಲ ಏಳನೆಯ ಇನಿಂಗ್ಸ್ ಶುರುವಾದಾಗ ನೆಟ್ಟಗೆ ಹೇಳಿದೆ: ಈಗ ತಾನೇ ರೇಡಿಯೊ ಹಾಕಿದವರು ಕೇಳಿ, ಕೊವಾರಿಕ್ ಇನ್ನೂ ಒಂದು ಹೊಡೆತವನ್ನೂ ಬಿಟ್ಟುಕೊಟ್ಟಿಲ್ಲ. ಎಂಟನೆಯದರಲ್ಲೂ ಹೇಳಿದೆ. ಆಗ ನಾವು ಒಂದು ರನ್ ಮುಂದಿದ್ದೆವು, ಅವರ ಇಬ್ಬರು ಔಟಾಗಿದ್ದರು. ಮೂರನೆಯ ಬೇಸ್ ಕಾಯುವ ಲೈಲ್ ಸ್ಟ್ರಾಂಡ್ ಪಕ್ಕದವನ ಜೊತೆ ಹರಟುತ್ತ ಮೈದಾನದ ಅಂಚಿನ ಗೆರೆಯಿಂದ ನಾಲ್ಕು ಹೆಜ್ಜೆ ಒಳಗೆ ಸರಿದಿದ್ದ. ಗೆರೆಗೆ ಹೋಗೆಂದು ಮ್ಯಾನೇಜರ್ ಟವೆಲ್ ಬೀಸಿದ, ಲೈಲ್ ನೋಡಲಿಲ್ಲ. ಅದನ್ನೂ ಹೇಳಿದೆ. ಚೆಂಡು ಗೆರೆಯ ಗುಂಟವೇ, ಅವನು ನಿಂತಿರಬೇಕಾದ ಜಾಗದ ಮೇಲೇ ಉರುಳಿ ಹೋಯಿತು. ಮೊದಲ ಹೊಡೆತ. ಮುಂದಿನವನು ಚೆಂಡನ್ನು ಬೇಲಿಯಾಚೆ ಕಳಿಸಿದ. ಅವರಿಗೆ ಎರಡು, ನಮಗೆ ಒಂದು. ಆಟ ಹಾಗೇ ಮುಗಿಯಿತು.

ರೇಡಿಯೊ ಕಚೇರಿಗೆ ನಲವತ್ತಮೂರು ಫೋನ್ ಬಂದವು. ನಲವತ್ತಮೂರರಲ್ಲಿ ಒಬ್ಬನಾದರೂ ಲೈಲ್‌ನ ಹೆಸರೆತ್ತಲಿಲ್ಲ.

ಲೈಲ್ ಯಾರ ಅಳಿಯ? ಹೈರಮ್ ಬ್ರೂನಿಂಗ್‌ನ ಅಳಿಯ. ತಂಡ ಬ್ರೂನಿಂಗ್‌ನದು, ಆಟದ ಪ್ರಸಾರಕ್ಕೆ ಜಾಹೀರಾತು ಕೊಡುವ ಬೀಜದ ಅಂಗಡಿಯೂ ಅವನದೇ. ಸೋಮವಾರ ಮಧ್ಯಾಹ್ನ ಅವನು ನನ್ನನ್ನು ಕರೆಸಿ ಟೈಪು ಮಾಡಿದ ಒಂದು ಹಾಳೆ ಮುಂದೆ ತಳ್ಳಿದ. ಆರ್ವಿಲ್ ಟಾಸ್ಕರ್ ಎಂಬ ನಾನು ಆಟದ ಕಟ್ಟಳೆ ಮುರಿದೆ, ನನ್ನಿಂದ ಕೊವಾರಿಕ್‌ಗೆ ಸಿಗಬೇಕಾದ ಗೌರವ ತಪ್ಪಿತು, ಕ್ಷಮೆ ಕೇಳುತ್ತೇನೆ ಎಂದಿತ್ತು. ಮಂಗಳವಾರ ಮೊದಲ ಎಸೆತಕ್ಕೆ ಮುಂಚೆ ಅದನ್ನು ಓದಬೇಕು, ಇಲ್ಲವೇ ಗೂಡಿನ ಬೀಗದ ಕೈ ಕೊಟ್ಟು ಹೋಗಬೇಕು.

"ಲೈಲ್ ಎಲ್ಲಿ ನಿಂತಿದ್ದ ಅನ್ನೋದನ್ನೂ ಇದ್ರಲ್ಲಿ ಬರೀತೀರಾ?" ಎಂದೆ.

"ಅದು ಮನೆ ವಿಷಯ."

"ಮೈದಾನ ನಿಮ್ಮ ಮನೆ ಹಜಾರನಾ?"

ಅವನು ಕನ್ನಡಕ ಒರೆಸಿಕೊಂಡ.

ಮನೆಯಲ್ಲಿ ನನ್ನ ಹೆಂಡತಿ ವೆರ್ನಾ ಓದಿಬಿಡು ಎಂದಳು. ಜೋಳದ ಕಟಾವಿನ ಹೊತ್ತಿಗೆ ಊರು ಮರೆಯುತ್ತದೆ, ಐವತ್ತು ದಾಟಿದವನಿಗೆ ಬೇರೆ ಯಾವ ರೇಡಿಯೊ ಕೆಲಸ ಕೊಡುತ್ತದೆ ಎಂಬುದು ಅವಳ ವಾದ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಊಟದ ತಟ್ಟೆ ತಳ್ಳಿ ಎದ್ದೆ.

ಮಂಗಳವಾರ ಆಟಕ್ಕೆ ಒಂದು ಗಂಟೆ ಮುಂಚೆ ಗೂಡಿನ ಏಣಿಯ ಬುಡದಲ್ಲಿ ಕೊವಾರಿಕ್ ನಿಂತಿದ್ದ. ಬಯ್ಯಲು ಬಂದಿದ್ದಾನೆ ಎಂದುಕೊಂಡೆ, ಬೈದೇ ಬೈದ.

"ನೀವು ಅದನ್ನ ಹೇಳಬಾರದಿತ್ತು, ಟಾಸ್ಕರ್ ಸಾರ್."

"ಮೈದಾನದ ಮಧ್ಯೆ ನಿಂತವನಿಗೆ ನನ್ನ ಮಾತು ಕೇಳಿಸ್ತೇನೋ?"

"ಇಲ್ಲ. ಆದ್ರೂ."

"ಲೈಲ್ ಎಲ್ಲಿದ್ದ, ನೋಡಿದ್ಯಾ?"

ಅವನು ಕೈಗವಸಿನ ದಾರ ಎಳೆಯುತ್ತ ನಿಂತ. ಮುಂದಿನ ವರ್ಷವೂ ತನಗೆ ಈ ತಂಡದಲ್ಲಿ ಜಾಗ ಬೇಕು ಎಂದ. ಆಮೇಲೆ ಕೇಳದಿದ್ದರೂ ಅಪ್ಪನ ಮಾತು ತೆಗೆದ. ಅಪ್ಪನದು ಹನ್ನೊಂದು ಮೈಲಿ ಆಚೆ ಹೈನಿನ ಹೊಲಮನೆ; ಮಗ ಆಡುವುದನ್ನು ಒಂದು ಸಲವೂ ನೋಡಲು ಬಂದವನಲ್ಲ. ಭಾನುವಾರ ಕೊಟ್ಟಿಗೆಯ ರೇಡಿಯೊದಲ್ಲಿ ನನ್ನ ಮಾತು ಕೇಳಿದವನೇ ಕೆಚ್ಚಲು ತುಂಬಿದ ಹಸುಗಳನ್ನು ಹಾಗೇ ಬಿಟ್ಟು ಟ್ರಕ್ಕು ಓಡಿಸಿಕೊಂಡು ಬಂದಿದ್ದ.

"ಬೇಲಿ ಹತ್ರ ನಿಂತಿದ್ದ. ಗಂಬೂಟಲ್ಲಿ ಸಗಣಿ. ಆ ಹೊಡೆತದ ಹಿಂದಿನ ಮೂರು ಎಸೆತ ನೋಡಿದ್ನಂತೆ."

"ಏನಂದ?"

"ಚೆನ್ನಾಗಿ ಎಸೀತೀಯ ಅಂದ." ಹುಡುಗ ನೆಲ ನೋಡುತ್ತಲೇ ಇದ್ದ. "ಆದ್ರೂ ನೀವು ಹೇಳಬಾರದಿತ್ತು."

ನಾನು ಏಣಿ ಹತ್ತಿದೆ. ಮೈಕು ಹಾಕಿ, ಬ್ರೂನಿಂಗ್‌ರವರು ಓದಲೆಂದು ಒಂದು ಹಾಳೆ ಕೊಟ್ಟಿದ್ದಾರೆ, ಅದನ್ನು ನಾನು ಓದುವುದಿಲ್ಲ ಎಂದು ಶ್ರೋತೃಗಳಿಗೆ ಹೇಳಿದೆ. ಭಾನುವಾರ ನಾನು ಕಂಡದ್ದನ್ನು ಹೇಳಿದೆ. ಇವತ್ತೂ ಕಂಡದ್ದನ್ನೇ ಹೇಳುತ್ತೇನೆ ಎಂದೆ. ಆಟ ಶುರುವಾಯಿತು. ಎರಡನೆಯ ಇನಿಂಗ್ಸಿನ ನಡುವೆ ಬ್ರೂನಿಂಗ್ ಏದುಸಿರು ಬಿಡುತ್ತ ಮೇಲೆ ಬಂದು ಕೈ ಚಾಚಿದ. ಬ್ಯಾಟಿಗನ ಸರದಿ ಮುಗಿಯುವವರೆಗೆ ಅವನನ್ನು ನಿಲ್ಲಿಸಿಯೇ ಹೇಳಿ ಮುಗಿಸಿ, ಬೀಗದ ಕೈ ಅವನ ಅಂಗೈಗೆ ಹಾಕಿ ಇಳಿದೆ. ನನ್ನ ಕುರ್ಚಿಯಲ್ಲಿ ಬೀಜದಂಗಡಿಯ ಗುಮಾಸ್ತ ಕೂತ.

ನಡೆದೇ ಮನೆಗೆ ಹೊರಟೆ. ಸೆಕೆಗೆ ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು, ಎಲ್ಲ ಕಿಟಕಿಯಿಂದಲೂ ಗುಮಾಸ್ತನ ದನಿ. ಮೋಡ ಚೆನ್ನಾಗಿದೆ ಎನ್ನುತ್ತಿದ್ದ, ಬ್ರೂನಿಂಗ್ ಬೀಜ ಚೆನ್ನಾಗಿದೆ ಎನ್ನುತ್ತಿದ್ದ. ಯಾರು ಎಷ್ಟು ಹೊಡೆದರು ಎಂಬುದು ಮಾತ್ರ ಅವನ ಬಾಯಿಂದ ಬರಲಿಲ್ಲ. ಜಗಲಿಯ ತೂಗುಕುರ್ಚಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ಮಿಸೆಸ್ ಓಡೆಗಾರ್ಡ್ ನನ್ನನ್ನು ಕೂಗಿ ನಿಲ್ಲಿಸಿದಳು. ಸೋಮವಾರ ಫೋನ್ ಮಾಡಿದವರಲ್ಲಿ ಅವಳೂ ಒಬ್ಬಳು. ಹೆಸರು ಹೇಳಿಯೇ ಬೈದಿದ್ದಳು.

"ಎಷ್ಟಾಯ್ತಯ್ಯಾ? ಈ ಮನುಷ್ಯ ಬಾಯೇ ಬಿಡಲ್ವಲ್ಲ."

ಉಗಿದು ಮುಂದೆ ಹೋಗಬೇಕೆನಿಸಿತು. ಆದರೆ ಕೇಳಿದವರಿಗೆ ಹೇಳದೆ ಇರಲು ನನ್ನಿಂದಾಗುವುದಿಲ್ಲ.

"ನಾನು ಇಳಿದಾಗ ನಮಗೆ ಎರಡು, ಅವರಿಗೆ ಸೊನ್ನೆ" ಎಂದೆ. "ಲೈಲ್ ಇವತ್ತು ಗೆರೆ ಮೇಲೇ ನಿಂತಿದ್ದಾನೆ."