ಒಲ್ಲೆ ಅಂದ ಕುದುರೆ

“ಈ ಕುದ್ರಿ ಇನ್ನೂ ಇಟಗೊಂಡೀರೇನು?” ಎನ್ನುತ್ತ ಹೊಳಬಸಪ್ಪ ಒಂದು ಕಾಲನ್ನು ಹೊಸ್ತಿಲೊಳಗಿಟ್ಟು, ಇನ್ನೊಂದನ್ನು ಹೊರಗೇ ಉಳಿಸಿಕೊಂಡ. ಶಕುನ ಕೆಟ್ಟ ಮನೆಯೊಳಗೆ ಪೂರ್ತಿ ಕಾಲಿಡುವುದು ಅವನಿಗೆ ಇಷ್ಟವಿರಲಿಲ್ಲ. ಚಹಾ ಬಿಡುವುದೂ ಇಷ್ಟವಿರಲಿಲ್ಲ.

ಪುಣೆ ಕ್ಯಾಂಪಿನ ಕನ್ನಡ ವ್ಯಾಪಾರಿಗಳಲ್ಲಿ ಹಿರಿಯನಾದ ಅವನ ಸಿಟ್ಟು ಹಿಂದಿನ ಬೇಸಗೆಯದು. ಹಿರಿಮಗನ ಮದುವೆಗೆ ಕಾಳಿನಂಗಡಿ ಮುರುಗೆಪ್ಪನ ಮನೆಯ ಚಿಗರಿಯೆಂಬ ಹೆಣ್ಣುಗುದುರೆಯನ್ನೇ ಸಿಂಗರಿಸಿ ಒಯ್ದಿದ್ದರು. ಮೆರವಣಿಗೆ ಬೀಗರ ಬಿಡದಿಯ ಮುಂದೆ ನಿಂತದ್ದೇ ತಡ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಚಿಗರಿ ಗೊಂಡೆಗಳು ಹರಿದು ಬೀಳುವಂತೆ ತಲೆ ಕೊಡವಿತು. ಮೂಗನ್ನು ಮೊಣಕಾಲಿಗೆ ಉಜ್ಜಿತು, ಸೀನಿತು, ಮತ್ತೆ ಕೊಡವಿತು. ಮದುಮಗನ ರುಮಾಲು ಗಟಾರಕ್ಕೆ ಬಿತ್ತು. ಬಾಜಾದವನೊಬ್ಬ, “ಕುದ್ರಿ ಒಲ್ಲೆ ಅಂತದಪೋ!” ಎಂದ. ಆ ಮಾತು ಕ್ಯಾಂಪಿನಿಂದ ಕೊಂಢವಾದವರೆಗೆ ಚಿಗರಿಗಿಂತ ಬೇಗ ಓಡಿತು. ಮದುವೆಯೇನೋ ಆಯಿತು. ಆದರೆ ಆಮೇಲೆ ಹೊಳಬಸಪ್ಪನ ಮನೆಯಲ್ಲಿ ಹಾಲು ಒಡೆದರೂ ಸಾಕು, “ಕುದ್ರೀನ ಒಲ್ಲೆ ಅಂದಿತ್ತು, ನಾವು ಕೇಳಲಿಲ್ಲ” ಎಂದು ಅತ್ತೆ ಸೊಸೆ ಕುಸುಮಳನ್ನು ತಿವಿಯುತ್ತಿದ್ದಳು.

“ತುಳಸಿ ಲಗ್ನ ಆದಮ್ಯಾಲ ಸಣ್ಣಾವನ ಮದುವಿ ಅದ,” ಎಂದ ಹೊಳಬಸಪ್ಪ. “ಅಷ್ಟರಾಗ ಇದು ಓಣಿ ಬಿಡಬೇಕು. ಎಲುಬಿನ ವ್ಯಾಪಾರದಾವಗ ಒಯ್ಯಾಕ ಹೇಳೇನಿ.”

ಮುರುಗೆಪ್ಪ ಕೈ ಹೊಸೆದ. ಕುದುರೆ ಹೆಂಡತಿಯ ತವರಿನ ಉಡುಗೊರೆ. ಅವನಿಗೋ ಅದರ ಹಲ್ಲು ಕಂಡರೂ ಹೆದರಿಕೆ, ಬಾಲ ಕಂಡರೂ ಹೆದರಿಕೆ. “ಒಯ್ಯಲಿ ಬಿಡ್ರಿ. ಹತ್ತಾವ್ರಿಲ್ಲದ ಕುದ್ರಿಗೆ ಹುಲ್ಲ್ಯಾಕ? ಯಾರರೆ ಹತ್ತಿ ಊರ ಹೊರಗಿನ ಹಡಪಸರ ಮುಟ್ಟಿ ಬಂದ್ರ ಆ ಮಾತು ಬ್ಯಾರೆ.” ಕುದುರೆಯ ಚಾಕರಿಯವನು ಅದನ್ನು ಹತ್ತಲು ಹೋಗಿ ಹಲ್ಲು ಉದುರಿಸಿಕೊಂಡು ಕೆಲಸ ಬಿಟ್ಟಿದ್ದರಿಂದ ಇಷ್ಟು ಧೈರ್ಯದ ಮಾತು ಆಡಲು ಅಡ್ಡಿಯಿರಲಿಲ್ಲ.

ಬಾಗಿಲ ಹಿಂದಿನಿಂದ ಹೆಂಡತಿ ಶಿವಗಂಗವ್ವ ಕೇಳಿದಳು, “ಯಾರರೆ ಅಂದ್ರ ಯಾರರೇನಾ?”

“ಹೂಂ.”

“ಹೊಳಬಸಪ್ಪನವ್ರ, ನೀವು ಸಾಕ್ಷಿ ಆದ್ರಿ ನೋಡ್ರಿ. ಚಹಾ ಆರತದ, ಕುಡೀರಿ.”

ಅವಳ ಅಪ್ಪ ಜಮಖಂಡಿಯ ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದವನು. ಸೀರೆ ಉಡುವ ಮೊದಲೇ ಅವಳು ಸವಾರಿ ಕಲಿತಿದ್ದಳು. ಸೀರೆ ಉಟ್ಟ ದಿನ ಬಿಟ್ಟಿದ್ದಳು. ಕ್ಯಾಂಪಿನ ದನದ ಡಾಕ್ಟರರು ಚಿಗರಿಯನ್ನು ನೋಡಿ, ಮುಖದ ನರ ಕೆರಳಿದೆ, ಬಿಸಿಲು ಧೂಳು ತಾಗಿದರೆ ಮಿಂಚು ಹೊಡೆದಂತೆ ನೋಯುತ್ತದೆ, ಮದ್ದಿಲ್ಲ ಎಂದಿದ್ದರು. ಮುರುಗೆಪ್ಪನಿಗೆ ಮದ್ದಿಲ್ಲ ಎಂಬುದಷ್ಟೇ ಕೇಳಿಸಿತು. ಶಿವಗಂಗವ್ವನಿಗೆ, ನೋಯುತ್ತದೆ ಎಂಬುದು. ಆಗಾಗ ಅವಳ ಎಡಗಣ್ಣಿನ ಹಿಂದೆಯೂ ಯಾರೋ ದಬ್ಬಣ ಚುಚ್ಚುತ್ತಿದ್ದರು. ಮುರುಗೆಪ್ಪ ಮದುವೆಯಾದಾಗಿನಿಂದ ಅದನ್ನು ನಖರಾ ಎಂದೇ ಕರೆಯುತ್ತಿದ್ದ. ಆ ದಿನ ರೊಟ್ಟಿ ದಪ್ಪವಾಗುತ್ತವೆ ಎಂಬುದೊಂದೇ ಅವನು ಕಂಡ ಲಕ್ಷಣ.

ಮಳೆಗಾಲವಿಡೀ ಅವಳು ಚಿಗರಿಯನ್ನು ಕತ್ತಲ ಕೊಟ್ಟಿಗೆಯಲ್ಲಿ ಕಟ್ಟಿದಳು, ತಾನು ನೋವಿನ ದಿನ ಮಲಗುವ ಹಾಗೆ. ಕಡಿವಾಣ ಮೊಳೆಗೆ ಹೋಯಿತು. ಬಾಯಿಗೆ ಕಬ್ಬಿಣ ತಾಗದಂತೆ ಮೆತ್ತನೆಯ ಹಗ್ಗದಲ್ಲೇ ಮುಖದ ಪಟ್ಟಿ ಹೆಣೆದಳು. ಕೈ ಕಿವಿಯ ಹತ್ತಿರ ಬಂದರೆ ಕುದುರೆ ನಡುಗುತ್ತಿತ್ತು. ಅವಳು ಕೈ ಇಳಿಸಿ ಕಾಯುತ್ತಿದ್ದಳು. ಒಂದು ಮಾತು ಅವಳಿಗೆ ಹೊಳೆದದ್ದು ಅಲ್ಲೇ: ಸೆರಗಿನೊಳಗೆ ಮೂಗು ತೂರಿಸಿಕೊಂಡಾಗ ಕುದುರೆ ತೆಪ್ಪಗಿರುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೆ ಉಸಿರು ಕಟ್ಟಿತು. ಗೋಣಿ ಕಟ್ಟಿದರೆ ತಲೆ ಕೊಡವಿದ ರಭಸಕ್ಕೆ ಗೋಣಿ ಮಾಳಿಗೆ ಹತ್ತಿತು.

ಕಡಲೆ ಒಯ್ಯುವ ನೆಪದಲ್ಲಿ ಬಂದ ಕುಸುಮ ಇದನ್ನೆಲ್ಲ ನೋಡಿ, “ಅವ್ವಾರ, ನನಗ ಕ್ರೋಶಾ ಹೆಣಿಕಿ ಬರ್ತದ. ಇದರ ಮೂಗಿಗೆ ಜಾಳಗಿ ಹೆಣೀಲೇನ್ರಿ?” ಎಂದಳು.

“ನಿಮ್ಮ ಅತ್ತಿ ಕೇಳಿದ್ರ?”

“ಹಾಲಿನ ಗಡಿಗಿ ಮುಚ್ಚಾಕ ಅಂತೀನಿ.”

“ಇಷ್ಟು ದೊಡ್ಡ ಗಡಿಗಿ?”

“ನಮ್ಮ ಮನ್ಯಾಗ ಹಾಲು ಭಾಳ ಒಡೀತಾವ್ರಿ. ಕಾಯಬೇಕಲ್ಲ.”

ಇಬ್ಬರೂ ನಕ್ಕರು. ಶಿವಗಂಗವ್ವ ಮೆಲ್ಲಗೆ, “ಇದರಿಂದ ನಿನಗ ಎಷ್ಟು ಮಾತು ಬಂತವಾ. ಸಿಟ್ಟಿಲ್ಲೇನು?” ಎಂದಳು.

ಕುಸುಮ ಕುದುರೆಯ ಕಡೆ ನೋಡಿದಳು. “ಅದಕ್ಕರೆ ತಲಿ ಕೊಡವಾಕ ಬಂತಲ್ರಿ.”

ದೀಪಾವಳಿ ಕಳೆದ ಒಂದು ಬೆಳಿಗ್ಗೆ ಶಿವಗಂಗವ್ವ ಮರಾಠೀ ಹೆಂಗಸರಂತೆ ಕಚ್ಚೆ ಹಾಕಿ, ಚಿಗರಿಯ ಮೂಗಿಗೆ ಬಿಳಿ ದಾರದ ಜಾಳಿಗೆ ಕಟ್ಟಿ, ಕಟ್ಟೆಯ ಮೇಲಿಂದ ಜೀನಿನ ಮೇಲೆ ಕೂತಳು. ಮುರುಗೆಪ್ಪ ತಕ್ಕಡಿ ಹಿಡಿದೇ ಓಡಿ ಬಂದ.

“ಎಲ್ಲಿಗೆ?”

“ಹಡಪಸರಕ್ಕ. ಬದನಿಕಾಯಿ ತರಾಕ.”

“ಮಂದಿ ಏನಂದಾರು!”

“ಕುದ್ರಿ ಅಂದದ್ದೇ ಇನ್ನೂ ಮುಗದಿಲ್ಲ. ಮಂದೀದು ಆಮ್ಯಾಲ ಕೇಳೂಣು.”

ಕ್ಯಾಂಪು ದಾಟುವವರೆಗೆ ಟಾಂಗಾದವರು ನಿಂತು ನೋಡಿದರು. ಮೋಟಾರಿನ ಗೋರಾ ಸಾಹೇಬನೊಬ್ಬ ಹಾರ್ನ್ ಒತ್ತುವುದನ್ನೇ ಮರೆತ. ಕಬ್ಬಿನ ಗಾಡಿಗಳ ಧೂಳಿನಲ್ಲಿ ಚಿಗರಿ ಗಕ್ಕನೆ ತಲೆ ಎತ್ತಿತು. ಅವಳು ಹಗ್ಗ ಎಳೆಯಲಿಲ್ಲ, ಸಡಿಲ ಬಿಟ್ಟಳು. ನಿಂತಿತು, ಉಸಿರು ಬಿಟ್ಟಿತು, ನಡೆಯಿತು. ಹಡಪಸರದ ತೋಟದಲ್ಲಿ ಬದನೆಕಾಯಿ ಚೀಲ ತುಂಬುವಷ್ಟರಲ್ಲಿ ಅವಳ ತೊಡೆಗಳು ವಯಸ್ಸು ಹೇಳತೊಡಗಿದ್ದವು.

ಮರಳಿ ಓಣಿಗೆ ಬಂದಾಗ ನೆತ್ತಿಯ ಮೇಲೆ ಬಿಸಿಲು. ಹೊಳಬಸಪ್ಪ ನಾಲ್ಕು ಮಂದಿ ಹಿರಿಯರನ್ನು ಕೂಡಿಸಿಕೊಂಡು ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದ. ಮುರುಗೆಪ್ಪನೂ ತಪ್ಪಿಸಿಕೊಳ್ಳಲಾರದೆ ಅಲ್ಲೇ ಇದ್ದ. ಸರಿಯಾಗಿ ಆ ಬಾಗಿಲ ಮುಂದೆ ಚಿಗರಿ ನಿಂತಿತು. ತಲೆ ಕೊಡವಿತು.

“ನೋಡ್ರಿ! ಮತ್ತ ಒಲ್ಲೆ ಅಂತು!” ಎಂದ ಹೊಳಬಸಪ್ಪ.

ಶಿವಗಂಗವ್ವನ ಎಡಗಣ್ಣಿನ ಹಿಂದೆಯೂ ದಬ್ಬಣ ಆಡತೊಡಗಿತ್ತು. ಅವಳು ಇಳಿಯಲಿಲ್ಲ. “ಹೌದ್ರಿ, ಅಂತು. ನೋವಾದ್ರ ಅಂತದ. ಒಲ್ಲೆ ಅನಕೋಂತನ ಹಡಪಸರ ಮುಟ್ಟಿ ಬಂದದ. ಏನೀಗ?”

ಹಿರಿಯರಲ್ಲೊಬ್ಬ ಕೆಮ್ಮಿನಂತೆ ನಕ್ಕ. ಹೊಳಬಸಪ್ಪ ಮುರುಗೆಪ್ಪನತ್ತ ತಿರುಗಿ, “ನೀ ಏನಂತಿಯೋ?” ಎಂದ.

ಮುರುಗೆಪ್ಪ ಹೆಂಡತಿಯನ್ನು ನೋಡಿದ, ಕುದುರೆಯನ್ನು ನೋಡಿದ, ಬದನೆಕಾಯಿ ಚೀಲವನ್ನು ನೋಡಿದ. “ಯಾರರೆ ಅಂದಿದ್ನಲ್ರಿ,” ಎಂದ. “ನೀವ ಸಾಕ್ಷಿ.”

ಚಿಗರಿ ಮತ್ತೆ ಹೆಜ್ಜೆ ಹಾಕಿತು. ಮೇಲಿನ ಮಾಳಿಗೆಯ ಕಿಟಕಿಯಲ್ಲಿ ಕುಸುಮ ಕೂತಿದ್ದಳು, ಮಡಿಲಲ್ಲಿ ಅರ್ಧ ಹೆಣೆದ ಇನ್ನೊಂದು ಜಾಳಿಗೆ.

“ಕುಸುಮಾ! ಕಿಟಕಿ ಹಾಕಿ ಒಳಗ ಬಾ,” ಎಂದು ಅತ್ತೆ ಒಳಗಿನಿಂದ ಕೂಗಿದಳು.

ಕುಸುಮ ಬೀದಿಯಿಂದ ಕಣ್ಣು ತೆಗೆಯದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ನಿಧಾನವಾಗಿ ತಲೆಯಲ್ಲಾಡಿಸಿ, ದಾರವನ್ನು ಕೊಕ್ಕೆಗೆ ಸುತ್ತಿಕೊಂಡಳು.