ಶಿರಸ್ತೇದಾರರ ಕುಸುರೆಳ್ಳು

ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದ ವೆಂಕಟರಾಮಯ್ಯನವರು ಪೆನ್ಷನ್ ಪಡೆದು ಮಂಡ್ಯಕ್ಕೆ ಬಂದು ನೆಲೆಸಿದ ಮೇಲೆ ನಮ್ಮ ಬೀದಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅವರಿಗಂತೂ ಮೊದಲೇ ಇರಲಿಲ್ಲ. ಮೂವತ್ತೊಂದು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿ, ಅಂಚಿನಲ್ಲಿ ಷರಾ ಹಾಕಿ, ಮೇಲಕ್ಕೋ ಕೆಳಕ್ಕೋ ಕಳಿಸಿದ ಕೈ ಅದು. ಈಗ ತಿದ್ದುವುದಕ್ಕೆ ಉಳಿದದ್ದು ಮನೆಯ ಸಾರು, ಎದುರುಮನೆಯವರ ಸಂಧ್ಯಾವಂದನೆಯ ಉಚ್ಚಾರ, ಬೀದಿ ದೀಪದ ಕಂಬ ವಾಲಿದ ರೀತಿ, ಇಷ್ಟೇ. ಸಕ್ಕರೆ ಕಾರ್ಖಾನೆಯ ಕೂಗು ಕೇಳಿದಾಗಲೆಲ್ಲ ಸೊಂಟದ ಗಡಿಯಾರ ತೆಗೆದು ನೋಡುತ್ತಿದ್ದರು. ಹೊತ್ತಿಗೆ ಸರಿಯಾಗಿ ಕೂಗಿದ್ದರೆ ಅವರ ಮುಖ ಸಪ್ಪಗಾಗುತ್ತಿತ್ತು.

ಹಸಿವು ಹೋಯಿತು, ನಿದ್ದೆ ಹೋಯಿತು. ಡಾಕ್ಟರು ನಾಡಿ ಹಿಡಿದು, ನಾಲಗೆ ನೋಡಿ, "ಔಷಧಿ ಬೇಕಾದ್ರೆ ಬರೆದುಕೊಡ್ತೀನಿ. ಆದರೆ ನಿಮಗೆ ಬೇಕಾಗಿರೋದು ಔಷಧಿಯಲ್ಲ. ತಲೆಗೆ ರಜಾ ಕೊಟ್ಟು ಕೈಗೆ ಏನಾದರೂ ಕೆಲಸ ಕೊಡಿ," ಎಂದರು. ವೆಂಕಟರಾಮಯ್ಯನವರು ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿದ್ದ ಎರಡು ಕಾಗುಣಿತ ತಪ್ಪು ತಿದ್ದಿ ಜೇಬಿಗೆ ಹಾಕಿಕೊಂಡು ಬಂದರು.

ಅದು ಧನುರ್ಮಾಸದ ಮೊದಲ ವಾರ. ಅದೇ ವಾರ ಅವರ ಹೆಂಡತಿ ಪದ್ಮಮ್ಮನವರು ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿದವನು ಒಂದೂವರೆ ತಿಂಗಳು ಕೈ ಅಲ್ಲಾಡಿಸಕೂಡದು ಎಂದ. ಪದ್ಮಮ್ಮನವರು ಬೆರಳಿನಲ್ಲಿ ದಿನ ಎಣಿಸಿದರು. ಸಂಕ್ರಾಂತಿಗೆ ನಾಲ್ಕು ವಾರ ಇತ್ತು.

ಇದರ ಅರ್ಥ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಸಂಕ್ರಾಂತಿಗೆ ಎಳ್ಳುಬೆಲ್ಲ ಯಾರ ಮನೆಯಲ್ಲಾದರೂ ಆಗುತ್ತದೆ. ಅದರೊಳಗೆ ಬೆರೆಸುವ ಕುಸುರೆಳ್ಳು ಎಲ್ಲರ ಮನೆಯಲ್ಲೂ ಆಗುವುದಿಲ್ಲ. ತೊಳೆದು ಸಿಪ್ಪೆ ತೆಗೆದ ಎಳ್ಳನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಸಣ್ಣ ಕೆಂಡದ ಮೇಲಿಟ್ಟು, ಸಕ್ಕರೆ ಪಾಕವನ್ನು ನಾಲ್ಕು ನಾಲ್ಕು ಹನಿ ಬಿಡುತ್ತ, ಬೆರಳಿನ ತುದಿಯಲ್ಲಿ ಆಡಿಸುತ್ತ ಕೂರಬೇಕು. ಹನಿ ಆರಿದ ಮೇಲೆ ಇನ್ನೂ ನಾಲ್ಕು ಹನಿ. ಹೀಗೆ ನಾಲ್ಕೈದು ದಿನ, ಬೆಳಗಿನ ಚಳಿಯಲ್ಲಿ. ಆಗ ಒಂದೊಂದು ಎಳ್ಳಿಗೂ ಬಿಳಿಯ ಮುಳ್ಳು ಏಳುತ್ತದೆ. ಮುಳ್ಳು ಎದ್ದರೆ ಅದು ಕುಸುರೆಳ್ಳು, ಏಳದಿದ್ದರೆ ಸಿಹಿ ಎಳ್ಳು. ಪದ್ಮಮ್ಮನವರ ಕುಸುರೆಳ್ಳಿಗೆ ಇಪ್ಪತ್ತೇಳು ವರ್ಷದಿಂದ ಮುಳ್ಳು ತಪ್ಪಿರಲಿಲ್ಲ, ಅವರ ಮನೆಗೆ ಒಂದು ವರ್ಷವೂ ಅಂಗಡಿಯ ಕುಸುರೆಳ್ಳು ಬಂದಿರಲಿಲ್ಲ. ಅವರು ನಮ್ಮ ಬೀದಿಗೆ ಬಂದ ವಾರದಲ್ಲೇ ಇದು ಎಲ್ಲರಿಗೂ ತಿಳಿದಿತ್ತು.

"ಮೈಸೂರಿಗೆ ನನ್ನ ತಂಗಿಗೆ ಒಂದು ಕಾಗದ ಬರೀರಿ," ಎಂದರು ಪದ್ಮಮ್ಮ, ಗೋಡೆ ನೋಡುತ್ತ. "ಅಂಗಡಿಯದೇ ಕಳಿಸಲಿ."

ಮನೆಯಲ್ಲಿ ಯಾರೋ ಹೋದರು ಎಂಬಂತಿತ್ತು ಆ ದನಿ. ವೆಂಕಟರಾಮಯ್ಯನವರು ಲೇಖನಿ ತೆಗೆದು 'ಚಿರಂಜೀವಿ ಸೌಭಾಗ್ಯವತಿ' ಎಂದು ಬರೆದರು. ಮುಂದೆ ಬರೆಯಲಾಗಲಿಲ್ಲ.

"ನಾನು ಮಾಡಿದರೆ?"

ಪದ್ಮಮ್ಮನವರು ನಕ್ಕರು. ನಕ್ಕು ನಕ್ಕು ಕೈ ನೋವಾಗಿ ನಿಲ್ಲಿಸಿದರು. "ನೀವು ಕಾಫಿಗೆ ಸಕ್ಕರೆ ಹಾಕ್ಕೊಂಡವರಲ್ಲ."

"ತಾಲ್ಲೂಕು ನಡೆಸಿದೀನಿ ಕಣೆ."

"ತಾಲ್ಲೂಕು ಕರಗಲ್ಲ."

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಂದವಾಯಿತು. ಷರತ್ತು ಅವರದೇ: ಈ ವಿಷಯ ನಾಲ್ಕು ಗೋಡೆ ದಾಟಕೂಡದು. ಶಿರಸ್ತೇದಾರ ಹೆಂಗಸರ ಕೆಲಸಕ್ಕೆ ಕೂತ ಎಂದು ಬೀದಿಗೆ ಗೊತ್ತಾದ ದಿನ ತಾವು ಕಾಶಿಗೆ ಹೊರಟುಹೋಗುವುದಾಗಿ ಹೇಳಿದರು. ಪದ್ಮಮ್ಮನವರು ಎಡಗೈಯನ್ನು ದೇವರ ಕಡೆಗೆ ಚಾಚಿ ಮಾತು ಕೊಟ್ಟರು.

ಮರುದಿನ ಬೆಳಗಿನ ಜಾವದ ಪೂಜೆ ಮುಗಿಸಿ ಹಿತ್ತಿಲಿನ ಬಚ್ಚಲುಮನೆಯ ಮಗ್ಗುಲಲ್ಲಿ ಒಲೆ ಹೂಡಿದರು. ಎಡಕ್ಕೆ ಗಡಿಯಾರ, ಬಲಕ್ಕೆ ಒಂದು ನೋಟುಪುಸ್ತಕ. ಒಂದನೆಯ ಹನಿ ಆರು ಗಂಟೆ ಹತ್ತು ನಿಮಿಷ, ಎರಡನೆಯದು ಆರು ಹದಿನಾಲ್ಕು, ಎಂದು ಬರೆದುಕೊಂಡರು. ಏಳು ಗಂಟೆಯ ಹೊತ್ತಿಗೆ ಅವರಿಗೆ ಒಂದು ವಿಷಯ ಹೊಳೆಯಿತು: ಒಟ್ಟು ಬೇಕಾಗುವ ಪಾಕ ಇಷ್ಟು ಎಂದಿರುವಾಗ ಅದನ್ನು ಐದು ದಿನ ಎಳೆಯುವುದೇತಕ್ಕೆ? ಕಾಗದವೊಂದನ್ನು ನಾಳೆಗೆ ಇಟ್ಟವನಲ್ಲ ತಾನು. ಕೆಂಡ ಕೆದಕಿ ಉರಿ ಎಬ್ಬಿಸಿದರು, ಪಾಕದ ಬಟ್ಟಲನ್ನೇ ಎಳ್ಳಿನ ಮೇಲೆ ಸುರಿದು ವಿಲೇವಾರಿ ಮಾಡಿದರು.

ತಟ್ಟೆಯಲ್ಲಿ ಆದದ್ದನ್ನು ಬಿಡಿಸಲು ಸುತ್ತಿಗೆ ಬೇಕಾಯಿತು.

ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ತಟ್ಟೆಯನ್ನು ಬಚ್ಚಲಿನ ಗೋಡೆಗೆ ಎಸೆದ ಹೊತ್ತಿಗೆ, ಬೇಲಿಯ ಆಚೆ ಇದ್ದಿಲಿನ ಕುಕ್ಕೆ ಇಳಿಸಿ ನಿಂತಿದ್ದ ಮರಿತಾಯಮ್ಮ ಎಲ್ಲವನ್ನೂ ನೋಡಿದಳು. ಅವಳ ಊರು ಮಳವಳ್ಳಿ ಕಡೆಯ ಪೂರಿಗಾಲಿ. ಗಂಡ ಕೆಂಪಸಿದ್ದಯ್ಯ ಕಾರ್ಖಾನೆಯ ಕೆಲಸಕ್ಕೆ ಸೇರಿದ ಮೇಲೆ ಮಂಡ್ಯಕ್ಕೆ ಬಂದವಳು, ಬೀದಿಗೆಲ್ಲ ಸೌದೆ ಇದ್ದಿಲು ಹಾಕುತ್ತಿದ್ದಳು.

"ಏನ್ ಬುದ್ದಿ, ಇಟ್ಗೆ ಕುಯ್ತಾ ಇದ್ದೀರಾ?"

"ಇದ್ದಿಲು ಸುರಿದು ಹೋಗು."

"ಓಯ್ತೀನಿ, ಓಯ್ತೀನಿ. ನನ್ ಇದ್ಲ ಮೇಲೆ ಯಾಕ್ ಬುದ್ದಿ ಕ್ವಾಪ? ಈ ಪಾಟಿ ಕೆಂಡ ಮಡಿಕಂಡ್ರೆ ಎಳ್ಳಿರ್ಲಿ, ಕಲ್ಲೇ ಕರಗೋಯ್ತದೆ. ಬೂದಿ ಒದ್ಸಿ, ಕೂಸ್ಗೆ ದುಪ್ಟಿ ಒದ್ಸ್ದಂಗೆ."

ವೆಂಕಟರಾಮಯ್ಯನವರು ಬಗ್ಗಿ ತಟ್ಟೆ ಎತ್ತಿಕೊಂಡರು. ಅದನ್ನು ಅವಳು ಅನುಮತಿ ಎಂದುಕೊಂಡಳು.

"ಇನ್ನೊಂದ್ ಮಾತು. ಗಡಿಯಾರ ನೋಡ್ಕಂಡು ಎಮ್ಮೆ ಕರೆಯಕ್ಕಾದದಾ? ಅಂಗೇ ಇದೂವೆ. ಆಲು ಬುಡಲ್ಲ ಅಂದ್ರೆ ಬುಡಲ್ಲ. ನೀವು ಬಯ್ದ್ರೆ ಒದೀತದೆ."

"ಯಾರಿಗೂ ಹೇಳಬೇಡ."

"ಯೋಳಿದ್ರೂ ಯಾರ್ ನಂಬ್ತಾರೆ ಬುಡಿ," ಎಂದು ಮರಿತಾಯಮ್ಮ ಕುಕ್ಕೆ ಎತ್ತಿದಳು.

ಅವಳು ಹೋದ ಮೇಲೆ ಕೆಂಡದ ಮೇಲೆ ಬೂದಿ ಹೊದಿಸಿದರು. ಅಂಗೈ ಒಡ್ಡಿ ನೋಡಿದರು. ಬಿಸಿ ಇತ್ತು, ಸುಡಲಿಲ್ಲ. ನಾಲ್ಕು ಹನಿ ಬಿಟ್ಟರು. ಆಡಿಸಿದರು. ಇನ್ನೂ ನಾಲ್ಕು.

ಅಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಪಾಕ ನೀರಾಯಿತು. ಒಂದು ಸಲ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆಯುವುದು ಮರೆತು, ಎಳ್ಳೆಲ್ಲ ನಶ್ಯದ ಬಣ್ಣಕ್ಕೆ ತಿರುಗಿತು. ಮೂರು ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದವು. ಪದ್ಮಮ್ಮನವರು ಅಡಿಗೆಮನೆಯ ಹೊಸಲಿನ ಮೇಲೆ ಕೂತು ಆಗಾಗ, "ಅಂಗೈ ತಾಗಿಸಬೇಡಿ, ಬೆವರು ಹತ್ತುತ್ತೆ," ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಗಂಡನನ್ನು ತಿದ್ದುವ ಅವಕಾಶ ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲ ಸಲ ಸಿಕ್ಕಿತ್ತು. ಅದನ್ನೂ ಅವರು ಹನಿ ಹನಿಯಾಗಿಯೇ ಬಳಸಿದರು.

ಹೊಸದಾಗಿ ಹೂಡಿದ ಎಳ್ಳಿನ ಮೂರನೆಯ ದಿನ ಕಾರ್ಖಾನೆ ಕೂಗಿತು. ವೆಂಕಟರಾಮಯ್ಯನವರು ತಲೆ ಎತ್ತಲಿಲ್ಲ. ಗಡಿಯಾರ ಒಳಗೆ ಗೂಟದಲ್ಲಿ ನೇತಾಡುತ್ತಿತ್ತು. ಆ ದಿನ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು, ಸಾರಿನ ಬಗ್ಗೆ ಏನೂ ಹೇಳಲಿಲ್ಲ. ಪದ್ಮಮ್ಮನವರು ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದರು.

ಐದನೆಯ ದಿನ ಬೆಳಿಗ್ಗೆ ಮುಳ್ಳು ಎದ್ದಿತು. ಅವರು ಒಂದು ಕಾಳನ್ನು ಬೆರಳ ತುದಿಯಲ್ಲಿಟ್ಟು ಬಿಸಿಲಿಗೆ ಹಿಡಿದರು. ಮೂವತ್ತೊಂದು ವರ್ಷದಲ್ಲಿ ಅವರ ಸಹಿ ಬಿದ್ದ ಕಾಗದ ಎಷ್ಟೋ ಸಾವಿರ. ಅವುಗಳಲ್ಲಿ ಒಂದನ್ನೂ ತಾವು ಮಾಡಿದ್ದು ಎನ್ನಲು ಬರುವಂತಿರಲಿಲ್ಲ. ಇದು ಮಾಡಿದ್ದು. ಎಳ್ಳಿನಷ್ಟೇ ಇತ್ತು, ಆದರೆ ಮಾಡಿದ್ದು.

ಮೊದಲ ಹಿಡಿಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಬೇಲಿಯ ಆಚೆ ಕೊಟ್ಟರು. ಮರಿತಾಯಮ್ಮ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಹೇಗಿದೆ?"

"ತಡೀರಿ ಬುದ್ದಿ, ಇನ್ನೂ ಕರಗ್ತಾ ಅದೆ," ಎಂದಳು.

ಸಂಕ್ರಾಂತಿಯ ಸಂಜೆ ಪದ್ಮಮ್ಮನವರ ನಡುಮನೆಗೆ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ವಕೀಲರ ಮನೆಯ ಗೋದಮ್ಮನವರು. ಇಡೀ ಬೀದಿಯ ಅಡಿಗೆಗೆ ಅವರೇ ಹೈಕೋರ್ಟು. ಹಿಂದೆ ಅವರ ಓರಗಿತ್ತಿ ಪಂಕಜಮ್ಮ, ಇನ್ನಿಬ್ಬರು. ವೆಂಕಟರಾಮಯ್ಯನವರು ಜಗಲಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದರು. ಒಂದು ಪುಟವನ್ನೂ ಮಗುಚಿರಲಿಲ್ಲ.

ಪದ್ಮಮ್ಮನವರು ಎಡಗೈಯಲ್ಲಿ ಬೆಳ್ಳಿಯ ಬಟ್ಟಲು ಮುಂದಿಟ್ಟರು. ಗೋದಮ್ಮನವರು ಒಂದು ಕಾಳು ತೆಗೆದರು. ದೀಪದ ಕಡೆ ಹಿಡಿದು ತಿರುಗಿಸಿದರು. ನಾಲಗೆಯ ಮೇಲಿಟ್ಟುಕೊಂಡರು. ಇನ್ನೊಂದು ತೆಗೆದರು.

"ಮುಳ್ಳು ಚೆನ್ನಾಗಿ ಎದ್ದಿದೆ," ಎಂದರು. ಆಮೇಲೆ ಪದ್ಮಮ್ಮನವರ ಕಟ್ಟು ಹಾಕಿದ ಕೈ ನೋಡಿದರು. "ಪಾಪ, ಈ ಕೈಯಲ್ಲಿ ನೀವಾದರೂ ಏನು ಮಾಡೀರಿ. ಮೈಸೂರಿಂದ ತರಿಸಿದ್ದು, ಅಲ್ವೆ?"

"ತರಿಸಲೇಬೇಕಲ್ಲ," ಎಂದರು ಪಂಕಜಮ್ಮ. "ಅಂಗಡಿಯದು ತಿಂದರೆ ಹಬ್ಬ ಏನೂ ಓಡಿಹೋಗಲ್ಲ. ನಾವೆಲ್ಲ ತಿಂತಿಲ್ವೆ? ಪದ್ಮಮ್ಮನೋರೂ ನಮ್ಮ ಸಾಲಿಗೆ ಬಂದ್ರು, ಅಷ್ಟೆ."

ಅಲ್ಲಿದ್ದವರೆಲ್ಲ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಆ ಇಪ್ಪತ್ತೇಳು ವರ್ಷದ ಮಾತು ಕೇಳಿ ಕೇಳಿ ಕಾದ ನಗು ಅದು.

ಪದ್ಮಮ್ಮನವರು ಜಗಲಿಯ ಕಡೆ ನೋಡಲಿಲ್ಲ. ಎಡಗೈಯಿಂದ ಬಟ್ಟಲನ್ನು ಒಂದು ಅಂಗುಲ ಹಿಂದಕ್ಕೆ ಎಳೆದುಕೊಂಡರು. ಕೊಟ್ಟ ಮಾತು ಇತ್ತಲ್ಲ.

"ಹೌದು," ಎಂದರು. "ತರಿಸಿದ್ದು."

ಜಗಲಿಯ ಮೇಲೆ ಪತ್ರಿಕೆ ಮಡಿಸಿದ ಸದ್ದಾಯಿತು. ವೆಂಕಟರಾಮಯ್ಯನವರು ಬಾಗಿಲಲ್ಲಿ ಬಂದು ನಿಂತರು. ತಮ್ಮ ಮೇಲಧಿಕಾರಿ ಅಮಲ್ದಾರರ ಮುಂದೆಯೂ ಅವರು ಹೀಗೆ ನಿಂತವರಲ್ಲ.

"ತರಿಸಿದ್ದಲ್ಲ. ನಾನು ಮಾಡಿದ್ದು."

ಪಂಕಜಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಉಳಿದಿಬ್ಬರು ಒಬ್ಬರನ್ನೊಬ್ಬರು ನೋಡಿದರು. ಗೋದಮ್ಮನವರು ಮಾತ್ರ ನಗಲಿಲ್ಲ. ವಿಚಾರಣೆಯ ನಡುವೆ ಹೈಕೋರ್ಟು ನಗುವ ಪದ್ಧತಿಯಿಲ್ಲ.

"ಯಾರು, ನೀವೆ?"

"ನಾನೇ. ಈ ಮನೆಗೆ ಅಂಗಡಿಯ ಕುಸುರೆಳ್ಳು ಬಂದಿಲ್ಲ. ಈ ವರ್ಷವೂ ಬಂದಿಲ್ಲ."

"ಹೆಂಡತಿ ಮಾನ ಉಳಿಸೋದಕ್ಕೆ ಗಂಡಸರು ಏನು ಬೇಕಾದರೂ ಹೇಳ್ತಾರೆ, ನಮ್ಮನೇಲೂ ಒಬ್ಬರು ವಕೀಲರಿದಾರೆ," ಎಂದರು ಗೋದಮ್ಮ. "ನಮ್ಮೆದುರಿಗೆ ಮಾಡಿ ತೋರಿಸಿ, ನೋಡೋಣ."

ವೆಂಕಟರಾಮಯ್ಯನವರು ಒಳಗೆ ಹೋದರು. ಮತ್ತೆ ಬಂದಾಗ ಶಲ್ಯ ಸೊಂಟಕ್ಕೆ ಬಿಗಿದಿತ್ತು, ಒಂದು ಕೈಯಲ್ಲಿ ಕೆಂಡದ ಸಣ್ಣ ಒಲೆ, ಇನ್ನೊಂದರಲ್ಲಿ ತಟ್ಟೆ, ಅದರೊಳಗೆ ಎಳ್ಳು, ಪಾಕದ ಬಟ್ಟಲು. ಹೆಂಗಸರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು ತಟ್ಟೆ ಇಟ್ಟರು, ಎಳ್ಳು ಹರಡಿದರು, ನಾಲ್ಕು ಹನಿ ಬಿಟ್ಟರು. ಬೆರಳು ಆಡತೊಡಗಿತು.

"ಎಷ್ಟು ಹೊತ್ತಾಗುತ್ತೆ?" ಎಂದರು ಗೋದಮ್ಮ.

"ಕೂತ್ಕೊಳ್ಳಿ. ಐದು ದಿನ ಆಗುತ್ತೆ."

ಪಂಕಜಮ್ಮನವರ ನಗು ಆಗ ಸೆರಗು ದಾಟಿ ಹೊರಗೆ ಬಂತು. ಗೋದಮ್ಮನವರು ಕೂತರು. ಕಾಲು ಗಂಟೆ ನೋಡಿದರು. ಬೇರೆ ಮನೆಗಳಿಗೆ ಬೀರಬೇಕಾದ ಎಳ್ಳು ಅವರ ತಟ್ಟೆಯಲ್ಲಿ ಹಾಗೇ ಇತ್ತು. ಒಲೆಯ ಮೇಲಿನ ಎಳ್ಳಿಗೆ ತೆಳ್ಳಗೆ ಬಿಳಿಯ ಪೊರೆ ಕಟ್ಟಿದಾಗ ಅವರು ಮುಂದಕ್ಕೆ ಬಾಗಿದರು.

"ಪದ್ಮಾ," ಎಂದರು ಮೆಲ್ಲಗೆ, "ಅಂಗೈ ತಾಗಿಸ್ತಾ ಇಲ್ಲ ಕಣೆ."

"ಇಲ್ಲ," ಎಂದರು ಪದ್ಮಮ್ಮ. ಅವರ ಮುಖ ನೋಡಿದವರಿಗೆ, ತಾಲ್ಲೂಕು ನಡೆಸಿದವರು ಆ ಮನೆಯಲ್ಲಿ ಇಬ್ಬರು ಎನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಮಂಜು ಕರಗುವ ಮೊದಲೇ ಗೋದಮ್ಮನವರು ಹಿತ್ತಿಲ ಬಾಗಿಲಲ್ಲಿ ಕಾಣಿಸಿಕೊಂಡರು. ನೋಡುವುದಕ್ಕೆ ಬಂದದ್ದಲ್ಲ, ಇದೇ ದಾರಿಯಲ್ಲಿ ಹೋಗುತ್ತಿದ್ದೆ ಎಂದರು. ಅವರ ಮನೆಯಿಂದ ಆ ಹಿತ್ತಿಲಿಗೆ ದಾರಿಯೇ ಇಲ್ಲ. ಪದ್ಮಮ್ಮನವರು ಎಡಗೈಯಲ್ಲಿ ಮಣೆ ಹಾಕಿ, ತುಟಿಯ ಮೇಲೆ ಬೆರಳಿಟ್ಟರು.

"ಮಾತಾಡಿಸಬೇಡಿ. ಪಾಕ ಬಿಡೋ ಹೊತ್ತು."