ಮಲಗಿದ ಬಾಲವಾಡಿ

“ಏ ರಂಡೆ, ಬರಿಯೂದು ಸಾಕ ಮಾಡ! ನಿಮ್ಮವ್ವ ಸಿಮೆಂಟಿನ ಬುಟ್ಟಿ ಹೊತ್ತು ಕಾಲೇಜಿಗೆ ಕಳಿಸ್ಯಾಳಂತ ನೀ ಏನ್ ಕಲೆಕ್ಟರ್ ಆದೇನ? ಮೊದ್ಲ ಆ ಜಮಖಾನಿ ಹಾಸ!”

ಕೂಲಿಯಾಳುಗಳ ಮುಕಾದಮ ಧರ್ಮಣ್ಣ ಬಾಗಿಲಲ್ಲಿ ನಿಂತು ಕೂಗಿದ. ಶಿವಕುಮಾರಿ ಪೆನ್ನಿಗೆ ಮುಚ್ಚಳ ಹಾಕಿ ಎದ್ದಳು.

ಮುಂಬಯಿಯ ಘಾಟ್ಕೋಪರಿನ ಆ ಬಿಲ್ಡಿಂಗು ಒಂಬತ್ತನೆಯ ಸ್ಲ್ಯಾಬಿಗೆ ಬಂದಿತ್ತು. ಕೆಳಗಿನ ತಗಡಿನ ಕೋಣೆಗೆ ಹಳದಿ ಬಣ್ಣ ಬಳಿದು, ಗೋಡೆಗೆ ಆನೆ, ನವಿಲು ಬರೆಸಿ, ಬಾಲವಾಡಿ ಎಂದು ಹೆಸರಿಟ್ಟಿದ್ದರು. ಮೇಲೆ ಬುಟ್ಟಿ ಹೊರುವ ಹೆಂಗಸರ ಹನ್ನೊಂದು ಕೂಸುಗಳು ದಿನವಿಡೀ ಅಲ್ಲಿರುತ್ತಿದ್ದವು. ಆವತ್ತು ಕಂಪನಿಯ ದೊಡ್ಡವರು ಅದನ್ನು ನೋಡಲು ಬರುವವರಿದ್ದರು. ಅದಕ್ಕೇ ಅಂಗಳದಲ್ಲಿ ಪೆಂಡಾಲು, ಕುರ್ಚಿ, ಮೈಕು ಎಲ್ಲ ಬಂದಿದ್ದವು.

ಶಿವಕುಮಾರಿ ಯುನಿವರ್ಸಿಟಿಯಲ್ಲಿ ಮೂರನೆಯ ವರ್ಷ ಓದುತ್ತಿದ್ದಳು. ಶಿಶುಶಿಕ್ಷಣ ಮತ್ತು ಮಾನವ ಸೇವೆ ಎಂದು ಆ ಪದವಿಯ ಹೆಸರು. ಇದೇ ಬಿಲ್ಡಿಂಗಿನಲ್ಲಿ ಬುಟ್ಟಿ ಹೊರುವ ಅವಳ ಅವ್ವ ಸೋಮವ್ವನ ಬಾಯಿಗೆ ಆ ಹೆಸರು ಹೊರಳುತ್ತಿರಲಿಲ್ಲ. ಕೇಳಿದವರಿಗೆಲ್ಲ “ನಮ್ಮ ಹುಡುಗಿ ಕೂಸು ಹಿಡಿಯೂದು ಕಲೀಲತ್ತಾಳ” ಎನ್ನುತ್ತಿದ್ದಳು. ಅದಕ್ಕೂ ಯುನಿವರ್ಸಿಟಿ ಬೇಕೇನು ಎಂದು ಕೂಲಿಯವರು ಇರುವ ಶೆಡ್ಡಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಾಲೇಜಿನಲ್ಲಿ ಮೊದಲು ಕಲಿಸಿದ್ದು ಸುಮ್ಮನೆ ಕೂತು ನೋಡುವುದನ್ನು. ಐದೈದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಕೂಸು ಏನು ಮಾಡಿತೋ ಅದನ್ನಷ್ಟೇ ಬರೆಯಬೇಕು. ‘ಮಗು ಹಟಮಾರಿ’ ಎಂದು ಬರೆಯುವಂತಿಲ್ಲ. ‘ಮಗು ಬಟ್ಟಲು ಎಸೆಯಿತು’ ಎಂದು ಬರೆಯಬೇಕು. ಮೂರು ವಾರದಿಂದ ಶಿವಕುಮಾರಿ ಕಾಲೇಜಿನ ತರಬೇತಿಗೆಂದು ಈ ಬಾಲವಾಡಿಯಲ್ಲಿ ಕೂತು ಹಾಗೆಯೇ ಬರೆದಿದ್ದಳು. ಹತ್ತು ಗಂಟೆ, ಹನ್ನೊಂದೂ ಮಲಗಿವೆ. ಹತ್ತೂ ಐದು, ಮಲಗಿವೆ. ಹತ್ತೂ ಹತ್ತು, ಮಲಗಿವೆ. ಹನ್ನೊಂದು ಕೂಸುಗಳಿದ್ದ ಕೋಣೆಯಲ್ಲಿ ನೊಣದ ಸದ್ದು ಕೇಳುತ್ತಿತ್ತು.

ಹೋದ ವಾರ ಆ ವಹಿಯನ್ನು ಕಾಲೇಜಿನ ರಂಜನಾ ಮೇಡಂ ಮುಂದಿಟ್ಟಿದ್ದಳು. ಮೇಡಂ ಇಲ್ಲೇ ಮುಂಬಯಿಯ ಸಯನ್ನಿನಲ್ಲಿ ಹುಟ್ಟಿ ಬೆಳೆದ ಕನ್ನಡದವರು. ಪುಟ ಮಗುಚುತ್ತ ಹುಬ್ಬು ಗಂಟಿಕ್ಕಿದರು.

“ಏನಮ್ಮಾ ಇದು, ಪುಟಗಟ್ಟಲೆ ಬರೀ ನಿದ್ದೆ? ಆಟ ಎಲ್ಲಿ? ಹಾಡು ಎಲ್ಲಿ?”

“ಮೇಡಂ, ಅವಕ್ಕ ಕೆಮ್ಮಿನ ಔಷಧ ಕುಡಿಸಿ ಮಲಗಸ್ತಾರ್ರಿ.”

ಮೇಡಂ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. “ಆ ಕಂಪನಿ ಸಹಿ ಹಾಕದೆ ನಿನಗೆ ಡಿಗ್ರಿ ಇಲ್ಲ, ಗೊತ್ತಲ್ಲ? ನೀಟಾಗಿ ಬೇರೆ ಬರ್ಕೊಂಡು ಬಾ. ನಿಮ್ಮಂಥವರು ಇಲ್ಲಿವರೆಗೆ ಬರೋದೇ ಹೆಚ್ಚು. ಅದನ್ನ ಹಾಳು ಮಾಡ್ಕೋಬೇಡ.”

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಸಿಟ್ಟಿಗೆದ್ದಳು.

“ನಿನಗೂ ಕುಡಿಸೀನಿ! ಬೊರಿವಲಿ ಕೆಲಸದಾಗ ನಿನ್ನ ಕಾಲಿಗಿ ಸೀರಿ ಅಂಚ ಕಟ್ಟಿ, ನಾಲಗಿಗಿ ಔಷಧ ಹಚ್ಚಿ ಮ್ಯಾಲ ಹೋಗ್ತಿದ್ದೆ. ಸತ್ತೇನು ನೀ? ತಲಿ ಮ್ಯಾಲ ಬುಟ್ಟಿ ಇದ್ದಾಗ ಕೆಳಗ ಕೂಸು ಅತ್ತರ ಕಾಲು ಜಾರ್ತದ. ಬಾಯಿ ಮುಚ್ಕೊಂಡಿರು. ಶೆಡ್ಡಿನಿಂದ ಹೊರಗ ಹಾಕಿದ್ರ ಎಲ್ಲಿಗಿ ಹೋಗೂದು?”

ಶಿವಕುಮಾರಿಯ ಕಾಲಗಂಟಿನ ಸುತ್ತ ಇವತ್ತಿಗೂ ಒಂದು ನುಣುಪು ಗೆರೆಯಿದೆ. ಅವಳು ಬಾಯಿ ಮುಚ್ಚಿಕೊಂಡಳು.

ಆವತ್ತು ಬೆಳಿಗ್ಗೆ ಎಂಟೂವರೆಗೆ ಬುಟ್ಟಿ ಹೊರುವ ಅಮೀನಾ ತನ್ನ ಎರಡು ವರ್ಷದ ಮಗಳು ನಿಖತಳನ್ನು ತಂದು ಶಿವಕುಮಾರಿಯ ಮಡಿಲಿಗೆ ಹಾಕಿದ್ದಳು. ಕೂಸಿನ ಕಣ್ಣು ಆಗಲೇ ಅರ್ಧ ಮುಚ್ಚಿದ್ದವು.

“ರಾತ್ರಿ ಎಲ್ಲಾ ಅತ್ತಾಳಬೇ. ಸಾಹೇಬ್ರ ಮುಂದ ಅಳಬಾರದಂತ ನಾನೇ ಒಂದ್ ಮುಚ್ಚಳ ದವಾ ಕುಡ್ಸೀನಿ. ಮತ್ತ ಕುಡಸಬ್ಯಾಡಂತ ಆಯಾಗ ಹೇಳು, ಹಾಂ?” ಎಂದು ಅಮೀನಾ ಲಿಫ್ಟಿನ ಕಡೆ ಓಡಿದಳು.

ಆಯಾ ಎಂದರೆ ಧರ್ಮಣ್ಣನ ಹೆಂಡತಿ ಮಹಾದೇವಿ. ಒಂಬತ್ತೂವರೆಗೆ ಬಾಟಲಿ ಹಿಡಿದು ಬಂದವಳು ಕೂಸುಗಳನ್ನು ಗೋಡೆಗೆ ಸಾಲಾಗಿ ಕೂರಿಸಿ, ಮೂಗು ಹಿಡಿದು ಒಂದೊಂದೇ ಮುಚ್ಚಳ ಹೊಯ್ಯುತ್ತ ಬಂದಳು.

“ಅಕ್ಕಾ, ಅಕಿಗಿ…” ಎಂದಳು ಶಿವಕುಮಾರಿ.

ಬಾಗಿಲಲ್ಲಿದ್ದ ಧರ್ಮಣ್ಣ ತಿರುಗಿ ನೋಡಿದ. “ಏನು ಅಕಿಗಿ? ಇವತ್ತೊಂದು ಕೂಸರ ಅತ್ತಿತಂದ್ರ ನಿಮ್ಮವ್ವನ ಗಂಟು ಬೀದಿಗಿ, ನೆನಪಿಟ್ಕೊ. ಹಾಂ, ಏನು?”

ಶಿವಕುಮಾರಿ ವಹಿ ಕೈಗೆತ್ತಿಕೊಂಡಳು. “ಏನಿಲ್ರಿ.”

ನಿಖತಳ ಬಾಯಿಗೆ ಔಷಧ ಬಿತ್ತು. ಶಿವಕುಮಾರಿ ವಹಿ ತೆರೆದು ಬರೆದಳು: ಒಂಬತ್ತೂ ಮೂವತ್ತೈದು, ನಿಖತಗೆ ಎರಡನೆಯ ಮುಚ್ಚಳ. ಅಕ್ಷರ ಗೆರೆ ಬಿಟ್ಟು ಕೆಳಗಿಳಿದಿತ್ತು.

ಎರಡು ವರ್ಷದ ಕೂಸು ನಿಮಿಷಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಉಸಿರಾಡಿದರೆ ಅದು ಅಪಾಯ ಎಂದು ಪ್ರಥಮ ಚಿಕಿತ್ಸೆಯ ಪಾಠದಲ್ಲಿತ್ತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲು. ಹತ್ತೂ ಇಪ್ಪತ್ತಕ್ಕೆ ನಿಖತಳ ಎದೆಯ ಮೇಲೆ ಕೈಯಿಟ್ಟು ಎಣಿಸಿದಳು, ಇಪ್ಪತ್ತೊಂದು. ಹತ್ತೂ ನಲವತ್ತಕ್ಕೆ ಹದಿನಾಲ್ಕು. ತಾನೇ ತಪ್ಪು ಎಣಿಸಿರಬೇಕೆಂದು ಮತ್ತೆ ಎಣಿಸಿದಳು, ಹದಿಮೂರು. ಕೆನ್ನೆ ತಟ್ಟಿದಳು, ಅಂಗಾಲು ಚಿವುಟಿದಳು, ಮುಖಕ್ಕೆ ನೀರು ಚಿಮುಕಿಸಿದಳು. ಕೂಸು ಮಿಸುಕಲಿಲ್ಲ. ತುಟಿಯ ಬಣ್ಣ ನೇರಳೆಗೆ ತಿರುಗುತ್ತಿತ್ತು. ಹೊರಗೆ ಕಾರುಗಳು ಬಂದು ನಿಂತ ಸದ್ದು, ಮೈಕು ಪರೀಕ್ಷಿಸುವ ಸದ್ದು.

ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ವಹಿಯನ್ನು ಕಂಕುಳಲ್ಲಿ ಇರುಕಿಕೊಂಡು ಗೇಟಿಗೆ ಓಡಿದಳು. ಧರ್ಮಣ್ಣ ಅಡ್ಡ ಬಂದ.

“ಎಲ್ಲಿಗಿ?”

“ಆಸ್ಪತ್ರೆಗ್ರಿ. ಉಸಿರು ಕಮ್ಮಿ ಆಗ್ಯಾದ. ಎರಡ್ ಸಲ ಔಷಧ ಬಿದ್ದದ. ಕಾಲು ಬೀಳ್ತೀನಿ, ಗೇಟ್ ತಗೀರಿ.”

“ಬೋಸಡಿ, ದೊಡ್ಡವರ ಕಣ್ಣ ಮುಂದ ಕೂಸು ಹೊತ್ಕೊಂಡು ಓಡ್ತೀಯಾ? ನಿದ್ದಿ ಹತ್ಯಾದ ಅದಕ್ಕ. ಅರ್ಧ ತಾಸು ತಡಿ, ಕಾರ್ಯಕ್ರಮ ಮುಗೀಲಿ.” ಅವನು ಗೇಟಿನ ಬೀಗ ಎಳೆದು ನೋಡಿ ಬೀಗದ ಕೈ ಕಿಸೆಗೆ ಹಾಕಿಕೊಂಡ.

ಅಷ್ಟರಲ್ಲಿ ಪೆಂಡಾಲಿನಿಂದ ಅವಳ ಹೆಸರು ಕೇಳಿತು. ಕಾರ್ಮಿಕರ ಮಗಳೇ ಇವತ್ತು ಕಾರ್ಮಿಕರ ಮಕ್ಕಳಿಗೆ ಗುರುವಾಗಿದ್ದಾಳೆ ಎಂದು ರಂಜನಾ ಮೇಡಂ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು. ಅವಳು ಹೇಳಬೇಕಾದ ಒಂದು ಪುಟದ ಭಾಷಣವನ್ನು ಅವರೇ ಬರೆದುಕೊಟ್ಟಿದ್ದರು. ಶಿವಕುಮಾರಿ ಗೇಟನ್ನೊಮ್ಮೆ, ಪೆಂಡಾಲನ್ನೊಮ್ಮೆ ನೋಡಿದಳು. ಕೂಸು ಹೊತ್ತುಕೊಂಡೇ ವೇದಿಕೆ ಹತ್ತಿದಳು.

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹೆಗಲ ಮೇಲೆ ಮಲಗಿದ ಕೂಸಿನ ಫೋಟೋ ತೆಗೆದರು. ಕಂಪನಿಯ ಪರವಾಗಿ ಈ ಬಿಲ್ಡಿಂಗಿನ ಕೆಲಸ ನೋಡಿಕೊಳ್ಳುವ ಹಿತೇಶ್ ಸಾಹೇಬ ಕೆಳಗಿನಿಂದ “ಸ್ಮೈಲ್, ಸ್ಮೈಲ್” ಎಂದು ಸನ್ನೆ ಮಾಡಿದ.

ಅವಳು ಬಾಯಿ ತೆರೆದಳು. ಇಂಗ್ಲಿಷು ಬರಲಿಲ್ಲ, ಹಿಂದಿಯೂ ಬರಲಿಲ್ಲ. ಒಂದೇ ಕೈಯಲ್ಲಿ ವಹಿ ಬಿಚ್ಚಿ, ಕಣ್ಣಿಗೆ ಕಂಡದ್ದನ್ನು ಅವ್ವನ ಮಾತಿನಲ್ಲೇ ಓದತೊಡಗಿದಳು.

“ಎಂಟೂವರಿ. ಅಮೀನಾ ನಿಖತಗ ಒಂದ್ ಮುಚ್ಚಳ ಔಷಧ ಕುಡಿಸಿ ತಂದಾಳ. ಒಂಬತ್ತೂ ಮೂವತ್ತೈದು. ಮಹಾದೇವಿ ಮತ್ತೊಂದ್ ಮುಚ್ಚಳ ಕುಡಿಸ್ಯಾಳ. ನಾ ನೋಡೀನಿ. ನೋಡಿ ಸುಮ್ಮ ನಿಂತೀನಿ. ಹತ್ತೂ ನಲವತ್ತು. ಉಸಿರು ಹದಿನಾಲ್ಕು. ಅಮೀನಾ, ನಿನ್ನ ಕೂಸು ಏಳವಲ್ದು! ಗೇಟಿಗಿ ಬೀಗ ಹಾಕ್ಯಾರ!”

ಕನ್ನಡ ತಿಳಿಯದ ದೊಡ್ಡವರು ಮುಗುಳ್ನಗುತ್ತಲೇ ಇದ್ದರು. ರಂಜನಾ ಮೇಡಂ ಮುಖ ಮಾತ್ರ ಸುಣ್ಣದಂತಾಯಿತು. ಧರ್ಮಣ್ಣ ಮೈಕಿನ ವಯರು ಹುಡುಕುತ್ತ ಓಡಿದ. ಶಿವಕುಮಾರಿ ಮೈಕನ್ನು ಕೂಸಿನ ಮೂಗಿಗೆ ಹಿಡಿದಳು. ಪೆಂಡಾಲಿನ ನಾಲ್ಕು ಮೂಲೆಯ ಸ್ಪೀಕರ್ ಡಬ್ಬಗಳಿಂದ ಒಂದು ಗೊರಗೊರ ಉಸಿರು ಬಿಲ್ಡಿಂಗಿಗೆಲ್ಲ ಕೇಳಿಸಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು.

ಮೇಲೆ ಸಿಮೆಂಟು ಕಲೆಸುವ ಮಷೀನು ನಿಂತಿತು. ಮೊದಲನೆಯ ಮಾಳಿಗೆಯಿಂದ ಯಾರದೋ ಬುಟ್ಟಿ ಕೆಳಗೆ ಬಿದ್ದು ಸಿಡಿಯಿತು.

“ಶಿವೀ! ಕೂಸು ಬಿಡಬ್ಯಾಡ, ಬಂದೆ!” ಅದು ಅವ್ವನ ದನಿ.

ವಯರು ಕಿತ್ತುಬಂತು, ಮೈಕು ಸತ್ತಿತು. ಧರ್ಮಣ್ಣ ಅವಳ ಕೂದಲಿಗೆ ಕೈ ಹಾಕುವಷ್ಟರಲ್ಲಿ ಅವಳು ವೇದಿಕೆಯಿಂದ ಹಾರಿ ಹತ್ತಿರದ ಬಿಳಿ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಿದ್ದಳು. ಮೆಟ್ಟಿಲಿಂದ ಹೆಂಗಸರು ದಡದಡನೆ ಇಳಿದು ಬಂದರು. ಅರ್ಧ ಜನ ಬಾಲವಾಡಿಗೆ ನುಗ್ಗಿದರು. ಒಳಗಿನಿಂದ ಒಬ್ಬೊಬ್ಬರೇ ತಮ್ಮ ಕೂಸಿನ ಹೆಸರು ಹಿಡಿದು ಕೂಗುವುದು ಕೇಳಿಸಿತು. ಒಂದು ಕೂಸೂ ಓಗೊಡಲಿಲ್ಲ. ಉಳಿದವರು ಕಬ್ಬಿಣದ ಸಲಾಕೆ ಹಿಡಿದು ಗೇಟಿನ ಬೀಗಕ್ಕೆ ಬಿದ್ದರು. ಅಮೀನಾ ಕಾರಿನೊಳಗೆ ಬಂದು ಬಿದ್ದು ಮಗಳ ಪಾದಗಳನ್ನು ತಬ್ಬಿಕೊಂಡಳು.

ಸೋಮವ್ವ ಮೈಯೆಲ್ಲ ಸಿಮೆಂಟಾಗಿ ಮುಂದಿನ ಸೀಟಿನಲ್ಲಿ ಕೂತಳು. “ಬಿಡೋ ಗಾಡಿ, ಭಾಡಕಾವ್!”

ಡ್ರೈವರು ಹಿತೇಶನ ಮುಖ ನೋಡಿದ. ಹಿತೇಶ್ ದೊಡ್ಡವರ ಮುಖ ನೋಡಿದ. ಬೀಗದ ಮೇಲೆ ಸಲಾಕೆಯ ಏಟು ಬೀಳುತ್ತಲೇ ಇತ್ತು.

ಶಿವಕುಮಾರಿಯ ವಹಿ, ಪೆನ್ನು ಎಲ್ಲೋ ಬಿದ್ದುಹೋಗಿದ್ದವು. ಅವಳು ನಿಖತಳ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದಳು. ಒಂದು ಉಸಿರು ತಾಗಿತು. ಮುಂದಿನದಕ್ಕೆ ಕಾದಳು.